ಮೂರು ಬೆರಳು ದೂರ

ಅವರ ಎಡಗಾಲಿನಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಮಾತ್ರ ಇದ್ದವು. ಉಳಿದ ಮೂರರ ಜಾಗದಲ್ಲಿ ಚರ್ಮ ನುಣುಪಾಗಿ, ಬೇಯಿಸಿದ ಗೆಣಸಿನ ಸಿಪ್ಪೆಯ ಬಣ್ಣಕ್ಕೆ ತಿರುಗಿ ಒಳಕ್ಕೆ ಮಡಿಚಿಕೊಂಡಿತ್ತು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಅವರು ಮಗ್ಗ ತುಳಿಯುವಾಗ ಬಲಗಾಲಿನ ಏಟು ಗಟ್ಟಿಯಾಗಿ ಬಿದ್ದರೆ ಎಡಗಾಲಿನದು ಒಂದು ಚೂರು ತಡವಾಗಿ, ಮೆತ್ತಗೆ ಬೀಳುತ್ತಿತ್ತು. ಸೋಮನೂರಿನ ನಮ್ಮ ಬೀದಿಯಲ್ಲಿ ಆಗ ಮನೆಗೊಂದು ಕೈಮಗ್ಗ. ಎಲ್ಲ ಮಗ್ಗಗಳೂ ನಡೆಯುತ್ತಿದ್ದವು, ಅವರದೊಂದು ಕುಂಟುತ್ತಿತ್ತು. ಬೀದಿಯ ತುದಿಯಲ್ಲಿ ಆ ಸದ್ದು ಕಿವಿಗೆ ಬಿದ್ದರೆ ಮನೆ ಬಂತೆಂದು ಗೊತ್ತಾಗುತ್ತಿತ್ತು. ಈಗಲೂ ಮಧ್ಯಾಹ್ನದ ಹೊತ್ತು ಒಮ್ಮೊಮ್ಮೆ ಕೇಳುತ್ತದೆ. ಕೊಯಮತ್ತೂರಿನ ಈ ಮೂರನೆಯ ಮಹಡಿಗೆ ಮಗ್ಗ ಎಲ್ಲಿಂದ ಬರಬೇಕು. ಆದರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಎಡಗಾಲಿನ ಏಟು ಬೀಳುವವರೆಗೆ ಕಾಯುತ್ತೇನೆ.

ಬೀದಿಯವರಿಗೆ ಅವರು ಬರ್ಮಾದವರು, ನನಗೆ ಬರ್ಮಾ ಮಾವ. ಅಮ್ಮನ ಚಿಕ್ಕಪ್ಪನ ಮಗ, ಅಂದರೆ ಅವಳಿಗೆ ತಮ್ಮ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ ಕೆಲವು ವರ್ಷ ಬೆಳೆದರು. ಕೊಳ್ಳೇಗಾಲ ಆಗ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮೀಸೆ ಚಿಗುರುವ ವಯಸ್ಸಿಗೆ ಹಡಗು ಹತ್ತಿ ರಂಗೂನಿಗೆ ಹೋಗಿ ಅಲ್ಲಿ ನೇಯ್ಗೆ ಕೆಲಸಕ್ಕೆ ಸೇರಿದರು. ಜಪಾನಿನವರ ಬಾಂಬು ಬಿದ್ದ ವರ್ಷ, ಓಡಿಬಂದ ಜನರ ಸಾಲಿನಲ್ಲಿ ಸೇರಿ, ಕಾಡು ಬೆಟ್ಟ ದಾಟಿ ನಡೆದು ಬಂದರು. ನಮ್ಮ ಬಾಗಿಲಿಗೆ ಬಂದು ನಿಂತಾಗ ನನಗೆ ಐದೋ ಆರೋ ವರ್ಷ. ಅಮ್ಮ ಗುರುತು ಹಿಡಿಯಲಿಲ್ಲ. ಭಿಕ್ಷೆಗೆ ಬಂದವನೆಂದು ಮೊರದಲ್ಲಿ ಅಕ್ಕಿ ತಂದಳು. ಅವರು ಹೊಸ್ತಿಲ ಮೇಲೆ ಕುಸಿದು ಕೂತು "ಅಕ್ಕಾ" ಎಂದರು. ಮೊರ ಜಾರಿ ಅಕ್ಕಿಯೆಲ್ಲ ಹೊಸ್ತಿಲಿಗೆ ಚೆಲ್ಲಿತು. ಆ ದಿನವೆಲ್ಲ ಅಮ್ಮ ಅವರ ಕಾಲನ್ನು ಬೇವಿನ ಎಲೆ ಕುದಿಸಿದ ನೀರಿನಲ್ಲಿ ತೊಳೆಯುತ್ತ ಕೂತಿದ್ದಳು.

ಅಪ್ಪ ಅಷ್ಟು ಹೊತ್ತಿಗಾಗಲೇ ತೀರಿಕೊಂಡಿದ್ದರು. ಅವರ ಮಗ್ಗ ಹಿತ್ತಿಲ ಚಪ್ಪರದಲ್ಲಿ ಧೂಳು ಹಿಡಿದು ನಿಂತಿತ್ತು. ಕಾಲು ಮಾಗಿದ ಮೇಲೆ ಮಾವ ಅದರ ಮುಂದೆ ಕೂತರು. ಮುಂದಿನ ಹದಿನಾರು ವರ್ಷ ಅಲ್ಲಿಂದ ಎದ್ದದ್ದು ಊಟಕ್ಕೆ, ಸ್ನಾನಕ್ಕೆ ಮತ್ತು ನೇಯ್ದ ಬಟ್ಟೆಯನ್ನು ತಿರುಪ್ಪೂರಿಗೆ ಒಯ್ಯುವುದಕ್ಕೆ ಅಷ್ಟೆ.

ಬೀದಿಯ ಮಕ್ಕಳೆಲ್ಲ ಕೇಳುವ ಪ್ರಶ್ನೆ ಒಂದೇ. "ಬರ್ಮಾ ಎಷ್ಟು ದೂರ ಮಾವ?" ಅವರು ಲಾಳಿ ನಿಲ್ಲಿಸದೆ ಹೇಳುತ್ತಿದ್ದರು, "ಮೂರು ಬೆರಳು ದೂರ." ಮಕ್ಕಳು ನಕ್ಕು ಓಡುತ್ತಿದ್ದವು. ನಾನೂ ನಕ್ಕಿದ್ದೇನೆ. ಅದರಲ್ಲಿ ನಗುವಂಥದ್ದೇನೂ ಇಲ್ಲವೆಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು.

ಅವರ ಅಭ್ಯಾಸಗಳು ನಮಗೆ ವಿಚಿತ್ರ. ಟೀ ಸೋಸಿದ ಮೇಲೆ ಉಳಿದ ಎಲೆಗೆ ಉಪ್ಪು, ಎಣ್ಣೆ, ಹುರಿದ ಕಡಲೆಕಾಯಿ ಬೆರೆಸಿಕೊಂಡು ತಿನ್ನುತ್ತಿದ್ದರು. "ಆಡು ಕೂಡ ಮೂಸಲ್ಲಪ್ಪ ಅದ" ಎಂದು ಅಮ್ಮ ಮೂಗು ಮುರಿಯುತ್ತಿದ್ದಳು, ಆದರೆ ಎಲೆಯನ್ನು ಚೆಲ್ಲದೆ ಅವರಿಗೆಂದೇ ಎತ್ತಿಡುತ್ತಿದ್ದಳು. ಎಳೆ ಎಣಿಸುವಾಗ ತುಟಿಯಲ್ಲೇ ಬರ್ಮಾ ಭಾಷೆಯಲ್ಲಿ ಎಣಿಸುತ್ತಿದ್ದರು. ಕೋಪ ಬಂದದ್ದನ್ನು ನಾನು ಕಂಡಿಲ್ಲ. ಮಳೆ ಬಂದರೆ ಮಾತ್ರ ಮಗ್ಗ ಬಿಟ್ಟು ಚಪ್ಪರದ ಅಂಚಿಗೆ ಬಂದು ನಿಂತು, ಯಾರೋ ಬರಬೇಕಾದವರಿದ್ದಾರೆ ಎಂಬಂತೆ ಬೀದಿ ನೋಡುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಬೀದಿ ಅವರನ್ನು ಬಿಡದೆ ಛೇಡಿಸುತ್ತಿತ್ತು. ನೇಕಾರರ ಮನೆಯಲ್ಲಿ ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು, ನೇಯ್ದು ಮುಗಿಯುವಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಕೊನೆಯ ಒಂದು ಗೇಣು ನೂಲನ್ನು ಮಗ್ಗದಲ್ಲೇ ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಸಾವಿರಕ್ಕೂ ಮೇಲೆ ಎಳೆಗಳು, ದಿನವಿಡೀ ಬೆನ್ನು ಬಗ್ಗಿಸಿ ಮಾಡುವ ಕೆಲಸ. ನಮ್ಮ ಬೀದಿಯಲ್ಲಿ ಅದು ಹೆಂಡತಿಯದು. ಗಂಡ ನೇಯುತ್ತಾನೆ, ಹೆಂಡತಿ ಕೆಚ್ಚುತ್ತಾಳೆ. ಹೆಂಡತಿ ಇಲ್ಲದವನಿಗೆ ಅಕ್ಕನೋ ಅತ್ತಿಗೆಯೋ ಮಾಡಿಕೊಡುತ್ತಾರೆ. ಮಾವ ಯಾರ ಕೈಗೂ ಕೊಡುತ್ತಿರಲಿಲ್ಲ. ಅಮ್ಮ ಬೂದಿಯ ಬಟ್ಟಲು ಹಿಡಿದು ಬಂದರೆ ಕೈ ಅಡ್ಡ ಇಡುತ್ತಿದ್ದರು.

"ಬೇಡಕ್ಕ. ಅದುಕ್ಕೆ ಆಳ್ ಇದ್ದಾರೆ."

"ಯಾರಪ್ಪ ಆ ಆಳು? ನೀನೇ ಕೂತ್ಕೊಂಡು ಹೆಂಗಸ್ರ ಕೆಲ್ಸ ಮಾಡ್ತಾ ಇದ್ದಿ."

"ಬರ್ತಾರೆ. ಅಲ್ಲೀವರ್ಗೂ ನಾ ಮಾಡ್ತೀನಿ."

ಬೀದಿಯ ಹೆಂಗಸರಿಗೆ ಅದೊಂದು ತಮಾಷೆ. ಮೀಸೆ ಹೊತ್ತ ಗಂಡಸು ಬೆರಳಿಗೆ ಬೂದಿ ಮೆತ್ತಿಕೊಂಡು ಎಳೆ ಹೊಸೆಯುವುದನ್ನು ನೋಡಲು ನೀರಿಗೆ ಹೋಗುವವರು ನಮ್ಮ ಹಿತ್ತಿಲ ದಾರಿ ಹಿಡಿಯುತ್ತಿದ್ದರು. ಬರುವ ಆಳಿಗೆ ಇನ್ನೂ ವಯಸ್ಸು ತುಂಬಿಲ್ಲವೇನೋ ಎಂದು ಕೇಳುತ್ತಿದ್ದರು. ಮಾವ ತಲೆ ಎತ್ತುತ್ತಿರಲಿಲ್ಲ.

ನನಗೆ ಹದಿನಾರು ತುಂಬಿದ ವರ್ಷ ಅಂಚೆಯವನು ಒಂದು ನೀಲಿ ಏರ್ ಲೆಟರ್ ತಂದುಕೊಟ್ಟ. ನಟ್ಟನಡು ಮಧ್ಯಾಹ್ನ ಮಗ್ಗ ನಿಂತಿತು. ಏನಾಯಿತೆಂದು ನಾನು ಹಿತ್ತಿಲಿಗೆ ಹೋದೆ. ಮಾವ ಗುಂಡಿಯಲ್ಲೇ ಕೂತು, ಕಾಗದವನ್ನು ತೋಳುದ್ದ ದೂರ ಹಿಡಿದು ಓದುತ್ತಿದ್ದರು. ಅದರ ತುಂಬ ದುಂಡು ದುಂಡು ಅಕ್ಷರ, ಒಂದು ಮೂಲೆಯೂ ಇಲ್ಲ.

"ಬರ್ಮಾ ಬಾಸೆಯಾ ಮಾವ?"

"ಕೈ ಅವಳ್ದು. ಎಳುತ್ತೂ ಬಾಸೆಯೂ ನಮ್ದು."

"ನಮ್ ಬಾಸೆಗೆ ಎಳುತ್ತು ಇದ್ದಾ?"

ಎಳುತ್ತು ಎಂದರೆ ಅಕ್ಷರ. ಈ ಪ್ರಶ್ನೆಗೆ ಓದುಗರು ನಗಬಾರದು. ನಾನು ಕಲಿತದ್ದು ತಮಿಳು ಶಾಲೆಯಲ್ಲಿ. ಕನ್ನಡ ಎಂದರೆ ಅಮ್ಮ ಬೈಯುವುದು, ಅನ್ನಕ್ಕೆ ಕರೆಯುವುದು, ಮನೆಯ ನಾಲ್ಕು ಗೋಡೆಯೊಳಗೆ ಆಡಿ ಅಲ್ಲೇ ಬಿಡುವ ಮಾತು. ಅದಕ್ಕೆ ಅದರದೇ ಅಕ್ಷರ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೀದಿಯಲ್ಲಿ ಆ ಕಾಗದ ಓದಬಲ್ಲವರು ಮಾವ ಒಬ್ಬರೇ. ಕೊಳ್ಳೇಗಾಲದ ಶಾಲೆಯಲ್ಲಿ ಕಲಿತಿದ್ದರು.

ಆ ದಿನ ಅವರು ಎಲ್ಲ ಹೇಳಿದರು. ಹನ್ನೊಂದು ವರ್ಷ ಒಳಗೆ ಇಟ್ಟುಕೊಂಡದ್ದನ್ನು ನನ್ನಂಥ ಹುಡುಗಿಗೆ ಯಾಕೆ ಹೇಳಿದರೋ. ನಾನು ಕೇಳಿದೆನಲ್ಲ, ಅದಕ್ಕೇ ಇರಬೇಕು. ರಂಗೂನಿನಲ್ಲಿ ಅವರಿಗೆ ಹೆಂಡತಿ ಇದ್ದಳು. ಬರ್ಮಾದವಳು. ಅಲ್ಲಿಯ ಕ್ರಮದಂತೆ ಮದುವೆಯಾಗಿ ಏಳು ವರ್ಷ ಸಂಸಾರ ಮಾಡಿದ್ದರು. ಅವಳಿಗೆ ಮನೆಮಾತು ಕಲಿಸಿದರು, ಅವಳು ಹಟ ಹಿಡಿದು ಅಕ್ಷರವನ್ನೂ ಕಲಿತಳು. ಮಗ್ಗದ ಕೆಚ್ಚುವ ಕೆಲಸ ಅವಳದೇ. ಬಾಂಬು ಬಿದ್ದಾಗ ಮಗಳಿಗೆ ನಾಲ್ಕು ತಿಂಗಳು. ಎಳೆಮಗು ಕಾಡಿನ ದಾರಿಯಲ್ಲಿ ಉಳಿಯುವುದಿಲ್ಲವೆಂದು ತಾಯಿಮಗಳನ್ನು ಅವಳ ತವರಿಗೆ ಬಿಟ್ಟು, ಮೂರು ತಿಂಗಳಲ್ಲಿ ಬರುತ್ತೇನೆಂದು ಹೇಳಿ ಹೊರಟಿದ್ದರು. ಯುದ್ಧ ಮುಗಿದ ಮೇಲೆ ಹೋಗಲಾಗಲಿಲ್ಲ. ಬಿಟ್ಟು ಬಂದವರು ಮತ್ತೆ ಒಳಗೆ ಹೋಗಬೇಕಾದರೆ ಅಲ್ಲಿಯ ಸರ್ಕಾರ ಹಳೆಯ ಕಾಗದಪತ್ರ ಕೇಳುತ್ತಿತ್ತು. ಅವರದು ಹೊಳೆ ದಾಟುವಾಗ ನೀರು ಪಾಲಾಗಿತ್ತು. ದಾರಿಯಲ್ಲಿ ಕಾಲಿನ ಬೆರಳು ಕಳೆದುಕೊಂಡದ್ದನ್ನೂ ತಿಳಿಸಿ ಹಳೆಯ ವಿಳಾಸಕ್ಕೆ ಬರೆಯುತ್ತಲೇ ಇದ್ದರು. ಅದರಲ್ಲೊಂದು ಹೇಗೋ ಅವಳನ್ನು ಮುಟ್ಟಿ, ಈ ಉತ್ತರ ಬಂದಿತ್ತು.

"ಏನು ಬರ್ದಿದ್ದಾರೆ ಮಾವ?"

"ಚೆನ್ನಾಗಿದ್ದಾಳಂತೆ. ಮಗು ಚೆನ್ನಾಗಿದ್ದಾಳಂತೆ. ಕಾಲು ಹೇಗಿದೆ ಅಂತ ಕೇಳ್ತಾಳೆ."

ಮುಂದೆ ಬಂದ ಪ್ರತಿ ಕಾಗದವೂ ಆ ಪ್ರಶ್ನೆಯಲ್ಲೇ ಮುಗಿಯುತ್ತಿತ್ತು. ಕಾಲು ಹೇಗಿದೆ.

ಅಮ್ಮನಿಗೆ ಹೇಳಬಾರದೆಂದು ಮಾವ ನನ್ನಿಂದ ಮಾತು ತೆಗೆದುಕೊಂಡರು. ಕುಲದ ಹೊರಗೆ, ಅದೂ ಬರ್ಮಾದಲ್ಲಿ ಮದುವೆಯಾದವನೆಂದು ಗೊತ್ತಾದರೆ ಕುಲದ ದೊಡ್ಡವರು ಅವರನ್ನು ಬೀದಿಯಿಂದ ಆಚೆ ಹಾಕುತ್ತಿದ್ದರು. ಮನೆಯಲ್ಲಿಟ್ಟುಕೊಂಡ ಅಮ್ಮನನ್ನೂ ಬಿಡುತ್ತಿರಲಿಲ್ಲ. ವಿಧವೆ, ಮದುವೆಗೆ ಬಂದ ಮಗಳು ಬೇರೆ. "ಅವ್ರು ಇಲ್ಲಿಗೆ ಬಂದು ನಿಲ್ಲಲಿ, ಆಗ ನಾನೇ ಹೇಳ್ತೀನಿ" ಎಂದರು. ನನಗದು ಸರಿಯಾಗಿ ಕಂಡಿತು. ಗುಟ್ಟೊಂದು ನನ್ನ ಕೈಯಲ್ಲಿರುವ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅಕ್ಷರ ಕಲಿಸಿ ಎಂದು ಬೆನ್ನುಹತ್ತಿದೆ. ಮಗ್ಗದ ಕರಿ ಹಲಗೆಯ ಮೇಲೆ ಕೆಚ್ಚುವ ಬೂದಿ ಹರಡಿ ಬೆರಳಲ್ಲಿ ತಿದ್ದಿಸಿದರು. ಬೀದಿಯವರಿಗೆ ನಾನು ಕೆಲಸ ಕಲಿಯುವವಳಂತೆ ಕಾಣುತ್ತಿದ್ದೆ, ಬರುವ ಕಾಗದಗಳು ರಂಗೂನಿನ ಗೆಳೆಯರವೆಂದು ಓದು ಬಾರದ ಅಮ್ಮ ತಿಳಿದಿದ್ದಳು. ಪುಸ್ತಕ ಎಲ್ಲಿಂದ ತರುವುದು? ಅತ್ತೆಯ ಕಾಗದಗಳೇ ನನ್ನ ಪುಸ್ತಕ. ಹೌದು, ನಾನು ಮನಸ್ಸಿನಲ್ಲೇ ಅವಳನ್ನು ಅತ್ತೆ ಎಂದು ಕರೆಯತೊಡಗಿದ್ದೆ. ಅವಳು ಬರ್ಮಾದ ಕೈಯಲ್ಲಿ ಬರೆದ ಕನ್ನಡವನ್ನು ನೋಡಿ ನೋಡಿ ನಾನು ಬರೆದೆ. ಇವತ್ತಿಗೂ ನನ್ನ ಕೈಬರಹ ನೋಡಿದ ಮೈಸೂರು ಕಡೆಯವರು ಇದೇನು ಇಷ್ಟು ದುಂಡಗೆ, ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ನಾನು ಕಣ್ಣಿಂದ ಕಾಣದ ಒಬ್ಬ ಹೆಂಗಸಿನ ಕೈಬರಹ ಇದು.

ಎರಡು ವರ್ಷ ಹೀಗೆ ಕಾಗದ ಹೋಗಿ ಬಂದು, ಒಂದು ದಾರಿ ಇದೆಯೆಂದು ತಿಳಿಯಿತು. ಮಾವ ಅಲ್ಲಿಗೆ ಹೋಗಲಾಗದಿದ್ದರೂ ಹೆಂಡತಿ ಮಗಳು ಇಲ್ಲಿಗೆ ಬರಬಹುದು. ರಂಗೂನಿನಲ್ಲಿರುವ ನಮ್ಮ ಸರ್ಕಾರದ ಕಚೇರಿ ಪರವಾನಗಿ ಕೊಡುತ್ತದೆ. ಅದಕ್ಕೆ ಇಲ್ಲಿಂದ ಒಂದು ಸರ್ಟಿಫಿಕೇಟು ಬೇಕು, ಈ ಹೆಂಗಸು ಈತನ ಹೆಂಡತಿ, ಈತ ಅವರನ್ನು ಸಾಕಬಲ್ಲ ಎಂದು. ಅಷ್ಟು ಹೊತ್ತಿಗೆ ನಾನು ಟೀಚರ್ ಟ್ರೈನಿಂಗ್ ಮುಗಿಸಿ ಕರುಮತ್ತಂಪಟ್ಟಿಯ ಶಾಲೆಗೆ ಸೇರಿದ್ದೆ. ನನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಹೆಂಡತಿ ಎಂಬಲ್ಲಿ ಅವಳ ಹೆಸರು ಬರೆಯುವಾಗ ಮಾವ ಪಕ್ಕದಲ್ಲಿ ನಿಂತು ಇನ್ನೊಂದು ಸಲ ಓದಿಸಿದರು. ಸರ್ಕಾರದ ಕಾಗದದಲ್ಲಿ ಅವಳ ಹೆಸರೂ ತಮ್ಮ ಹೆಸರೂ ಒಂದೇ ಸಾಲಿನಲ್ಲಿ ಬಂದದ್ದು ಅದೇ ಮೊದಲು ಎಂದರು.

ತಾಲ್ಲೂಕು ಕಚೇರಿಯವರು ಅರ್ಜಿ ತೆಗೆದುಕೊಂಡು, ವಿಚಾರಣೆಗೆ ಬರುತ್ತೇವೆ ಎಂದರು. ಯಾವಾಗ ಎಂದು ಹೇಳಲಿಲ್ಲ.

ಅವರು ಬಂದ ದಿನ ಮಾವ ಬಟ್ಟೆ ಹೊತ್ತು ತಿರುಪ್ಪೂರಿಗೆ ಹೋಗಿದ್ದರು. ಶಾಲೆಗೆ ರಜೆ, ನಾನು ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ರೆವಿನ್ಯೂ ಇನ್ಸ್‌ಪೆಕ್ಟರ್ ಸೈಕಲ್ ನಿಲ್ಲಿಸಿ, ಫೈಲು ಹಿಡಿದು ಹಿತ್ತಿಲಿಗೇ ಬಂದರು. ಹಿಂದೆ ನಾಲ್ಕೈದು ಹೆಂಗಸರು ಬಂದು ನಿಂತರು. ಒರಟು ಮನುಷ್ಯ ಅಲ್ಲ, ಅಮ್ಮನನ್ನು ಮರ್ಯಾದೆಯಿಂದಲೇ ಮಾತಾಡಿಸಿದರು. ಈ ಮನೆಯಲ್ಲಿರುವವರಿಗೆ ಬರ್ಮಾದಲ್ಲಿ ಒಬ್ಬ ಹೆಂಗಸು ಇದ್ದಾಳಂತಲ್ಲ ನಿಜವಾ ಎಂದು ತಮಿಳಿನಲ್ಲಿ ಕೇಳಿದರು.

ಅಮ್ಮನ ಮುಖ ನನಗೆ ಈಗಲೂ ಕಾಣುತ್ತದೆ. ತಮ್ಮನ ಮೇಲೆ ಯಾರೋ ಕೆಸರು ಎರಚಿ ಸರ್ಕಾರಕ್ಕೆ ಹೆಸರಿಲ್ಲದ ಅರ್ಜಿ ಹಾಕಿದ್ದಾರೆಂದು ಅವಳು ತಿಳಿದಳು. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದಾರೆ. ಅವಳು ನೇರ ಚಪ್ಪರಕ್ಕೆ ಹೋಗಿ ಮಾವನ ಮಗ್ಗದ ಮೇಲೆ ಕೈಯಿಟ್ಟಳು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ.

"ಅವನುಕ್ಕು ಯಾರುಮೇ ಇಲ್ಲೀಂಗ" ಎಂದಳು. ಅವನಿಗೆ ಯಾರೂ ಇಲ್ಲ.

ಅಷ್ಟಕ್ಕೆ ಬಿಡಲಿಲ್ಲ. ಮಗ್ಗದ ಪಕ್ಕದಲ್ಲಿದ್ದ ಬೂದಿಯ ಬಟ್ಟಲನ್ನು ಎತ್ತಿ ತೋರಿಸಿದಳು. ನೋಡಿ, ತನ್ನ ಹಾಸನ್ನು ತಾನೇ ಕೆಚ್ಚಿಕೊಳ್ಳುತ್ತಾನೆ, ಹೆಂಡತಿ ಇದ್ದವನು ಈ ಕೆಲಸ ಮಾಡುತ್ತಾನೆಯೇ ಎಂದಳು. ಹಿಂದೆ ನಿಂತ ಹೆಂಗಸರು ಹೌದು ಹೌದು ಎಂದರು. ಇನ್ಸ್‌ಪೆಕ್ಟರ್ ನೇಕಾರರ ನಡುವೆಯೇ ಬೆಳೆದವರಿರಬೇಕು. ಬಟ್ಟಲನ್ನು ನೋಡಿ ತಲೆಯಾಡಿಸಿ ಬರೆದುಕೊಂಡರು. ಹದಿನಾಲ್ಕು ವರ್ಷ ಮಾವ ಹೆಂಡತಿಗೆಂದು ಕಾದಿಟ್ಟ ಜಾಗವೇ ಅವರಿಗೆ ಹೆಂಡತಿ ಇಲ್ಲವೆಂಬುದಕ್ಕೆ ಸಾಕ್ಷಿಯಾಯಿತು.

ನಾನು ಅಲ್ಲೇ ಇದ್ದೆ. ಇದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಹತ್ತು ಹೆಜ್ಜೆ ದೂರದಲ್ಲಿ, ಕೈಯಲ್ಲಿ ಒದ್ದೆ ಚೊಂಬು ಹಿಡಿದು ನಿಂತಿದ್ದೆ. ಅರ್ಜಿ ಬರೆದವಳು ನಾನೇ, ಕಾಗದಗಳು ಮಾವನ ಪೆಟ್ಟಿಗೆಯಲ್ಲಿವೆ, ಓದಿ ತೋರಿಸುತ್ತೇನೆ ಎನ್ನಬಹುದಿತ್ತು. ಮಾವನಿಗೆ ಕೊಟ್ಟ ಮಾತು ಅಡ್ಡ ಬಂತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಆ ಹೆಂಗಸರ ಎದುರಿಗೆ ಬಾಯಿ ತೆರೆಯಲು ಭಯವಾಯಿತು. ಸೈಕಲ್ ಹೊರಟುಹೋಯಿತು, ನಾನು ಚೊಂಬನ್ನು ಮತ್ತೆ ತೊಳೆದೆ.

ಮೂರು ತಿಂಗಳ ಮೇಲೆ ಉತ್ತರ ಬಂತು. ವಿಚಾರಣೆಯಲ್ಲಿ ಅರ್ಜಿದಾರ ಅವಿವಾಹಿತನೆಂದು ತಿಳಿದುಬಂದಿದೆ, ಅರ್ಜಿ ತಿರಸ್ಕರಿಸಲಾಗಿದೆ ಎಂದಿತ್ತು. ನಾನೇ ಓದಿ ಹೇಳಿದೆ.

"ಯಾರು ಹೇಳಿದ್ರಂತೆ?"

"ಗೊತ್ತಿಲ್ಲ ಮಾವ."

ಅವರು ನನ್ನ ಮುಖ ನೋಡಿದರು. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಒಳಗೆ ಹಿಟ್ಟು ನಾದುತ್ತಿದ್ದ ಅಮ್ಮನಿಗೆ ಹೇಳಿದರು. "ಅಕ್ಕ, ನಂಗೆ ಹೆಂಡ್ತಿ ಇದ್ದಾಳೆ. ಮಗಳೂ ಇದ್ದಾಳೆ. ನಿಂಗೆ ಮೊದ್ಲೇ ಹೇಳ್ಬೇಕಾಗಿತ್ತು. ತಪ್ಪು ನಂದು."

ಅಮ್ಮ ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಹಿಟ್ಟು ಮೆತ್ತಿದ ಕೈಯನ್ನು ತೊಳೆದುಕೊಂಡಳು. ಆಮೇಲೆ, "ಮಗಳ್ಗೆ ಎಷ್ಟು ವಯಸ್ಸಪ್ಪ?" ಎಂದು ಕೇಳಿದಳು.

ಮರುದಿನ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋದಳು. ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದಳು. ತಾನು ಹೇಳಿದ್ದು ಸುಳ್ಳು, ತಿಳಿಯದೆ ಹೇಳಿದೆ, ತಿದ್ದಿ ಬರೆದುಕೊಳ್ಳಿ ಎಂದು ಗುಮಾಸ್ತರ ಮುಂದೆ ಕೈಮುಗಿದು ನಿಂತಳು.

"ಅನ್ನಿಕ್ಕಿ ಒರು ಪೇಚ್ಚು, ಇನ್ನಿಕ್ಕಿ ಒರು ಪೇಚ್ಚಾಮ್ಮಾ?" ಎಂದರು ಅವರು. ಅವತ್ತೊಂದು ಮಾತು, ಇವತ್ತೊಂದ? ಫೈಲು ಮೇಲಕ್ಕೆ ಹೋಗಿಯಾಗಿದೆ. ಬೇಕಾದರೆ ಹೊಸ ಅರ್ಜಿ ಹಾಕಿ. ಆದರೆ ಮಗ್ಗ ಮುಟ್ಟಿ ಹೇಳಿದ್ದನ್ನು ಯಾವ ಅಧಿಕಾರಿ ತಿದ್ದುತ್ತಾರೆ ಎಂದು ಕೇಳಿದರು. ಅಮ್ಮ ಕಚೇರಿಯ ಜಗುಲಿಯಲ್ಲಿ ಬಾಗಿಲು ಹಾಕುವವರೆಗೂ ಕೂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಆಡಿದಳು. "ನಿಂಗೆ ಗೊತ್ತಿತ್ತಲ್ವ?" ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಮತ್ತೆ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ.

ಹೊಸ ಅರ್ಜಿ ಹಾಕಿದೆವು. ಈ ಸಲ ಅಮ್ಮನ ಹೆಬ್ಬೆಟ್ಟಿನ ಹೇಳಿಕೆ, ಅತ್ತೆಯ ಕಾಗದಗಳ ನಕಲು, ನಾನು ಮಾಡಿದ ಇಂಗ್ಲಿಷ್ ಅನುವಾದ ಎಲ್ಲ ಸೇರಿಸಿದೆವು. ಬೀದಿಗೂ ವಿಷಯ ಗೊತ್ತಾಯಿತು. ಕುಲದ ದೊಡ್ಡವರು ಎರಡು ಸಲ ಬಂದು ಹೋದರು. ಅಮ್ಮ ಬಾಗಿಲಲ್ಲೇ ನಿಂತು, ಅವನು ಈ ಮನೆಯಲ್ಲೇ ಇರುತ್ತಾನೆ ಎಂದು ಹೇಳಿ ಕಳಿಸಿದಳು. ನನ್ನ ಮದುವೆಯ ಮಾತು ಅಲ್ಲಿಗೆ ನಿಂತಿತು. ಅದಕ್ಕೆ ಅಮ್ಮನಾಗಲಿ ನಾನಾಗಲಿ ಕೊರಗಲಿಲ್ಲ. ಮಾವನಿಗೆ ತೀರಿಸಬೇಕಾದ ಋಣದಲ್ಲಿ ಇಷ್ಟಾದರೂ ತೀರಲಿ ಎನ್ನಿಸುತ್ತಿತ್ತು.

ಮಾವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬಿಳಿ ಬಟ್ಟೆ ನೇಯುವುದಕ್ಕೆ ಕೈಯ ಅಭ್ಯಾಸವೇ ಸಾಕಾಗಿತ್ತು, ಆದರೆ ಕಾಗದ ಓದಲಾಗುತ್ತಿರಲಿಲ್ಲ. ಓದುವುದು ನನ್ನ ಪಾಲಿಗೆ ಬಂತು. ಏಳು ತಿಂಗಳು ಅತ್ತೆಯಿಂದ ಏನೂ ಇರಲಿಲ್ಲ. ಆಮೇಲೆ ಒಂದು ನೀಲಿ ಏರ್ ಲೆಟರ್ ಬಂತು. ಮಾವ ಮಗ್ಗ ನಿಲ್ಲಿಸಿ, ಗುಂಡಿಯಿಂದ ಕಾಲು ಮೇಲಕ್ಕೆ ತೆಗೆದು, ಪಂಚೆ ಸರಿ ಮಾಡಿಕೊಂಡು ಕೂತರು. ನಾನು ಬಿಡಿಸಿದೆ.

"ಇಲ್ಲಿಯ ಕಚೇರಿಯವರು ಕಾಗದ ತೋರಿಸಿದರು. ನಿನಗೆ ಹೆಂಡತಿ ಇಲ್ಲ ಅಂತ ಅದರಲ್ಲಿ ಇದೆ. ನಿನ್ನ ಮಗ್ಗ ಮುಟ್ಟಿ ಹೇಳಿದರಂತೆ. ಹಾಗಾದರೆ ನಾನು ಯಾರು? ಇಷ್ಟು ವರ್ಷ ಯಾರಿಗೆ ಕಾದೆ?"

ಇದನ್ನು ನಾನು ಕಣ್ಣಲ್ಲಿ ಓದಿದೆ. ಬಾಯಲ್ಲಿ ಬೇರೆ ಓದಿದೆ. ನಾವು ಚೆನ್ನಾಗಿದ್ದೇವೆ, ಇಲ್ಲಿ ಮಳೆ ಜಾಸ್ತಿ, ಮಗಳು ಎತ್ತರ ಬೆಳೆದಿದ್ದಾಳೆ, ಪರವಾನಗಿ ಬಂದ ದಿನವೇ ಹೊರಡುತ್ತೇವೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವರು ಕಲಿಸಿದ ಅಕ್ಷರವನ್ನು ಹಿಡಿದುಕೊಂಡೇ ಅವರನ್ನು ಮೋಸ ಮಾಡುತ್ತಿದ್ದೆ.

ಮಾವ ತಲೆ ತಗ್ಗಿಸಿ ಕೇಳಿದರು. ನಾನು ನಿಲ್ಲಿಸಿದ ಮೇಲೂ ಇನ್ನೂ ಇದೆ ಎಂಬಂತೆ ಕಾದರು.

"ಕಾಲು ಕೇಳ್ಲಿಲ್ಲವಾ?"

ಒಂದು 'ಹೂಂ' ಅಂದಿದ್ದರೆ ಸಾಕಾಗಿತ್ತು. ಅಷ್ಟು ಹೊತ್ತು ಹರಿದ ನಾಲಗೆ ಅಲ್ಲಿಗೆ ಬಂದು ನಿಂತುಹೋಯಿತು. ಆ ಒಂದು ಮಾತು ಅವಳದು, ಅದನ್ನು ನಾನು ತಕ್ಷಣ ಹುಟ್ಟಿಸಲಾರದೆ ಹೋದೆ. "ಕೇಳಿದ್ದಾರೆ ಮಾವ" ಎಂದು ನಾನು ಹೇಳುವಷ್ಟರಲ್ಲಿ ಅವರು ಕೈ ಚಾಚಿದ್ದರು.

"ಸರಿ. ಮಡ್ಚಿ ಕೊಡು."

ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಪೆಟ್ಟಿಗೆಗೆ ಹಾಕಲಿಲ್ಲ. ಮತ್ತೊಮ್ಮೆ ಓದು ಎಂದು ಕೇಳಲೂ ಇಲ್ಲ.

ಆ ವಾರ ಮಗ್ಗದ ಮೇಲಿದ್ದ ಹಾಸು ಮುಗಿಯಿತು. ಕೊನೆಯ ಗೇಣು ನೂಲು ಉಳಿಸಿ ಬಟ್ಟೆ ಕೊಯ್ದರು. ಹೊಸ ಹಾಸು ಸುತ್ತಿಟ್ಟದ್ದು ಪಕ್ಕದಲ್ಲೇ ಇತ್ತು. ಒಂದು ದಿನ, ಎರಡು ದಿನ, ಐದು ದಿನವಾದರೂ ಅವರು ಕೆಚ್ಚಲು ಕೂರಲಿಲ್ಲ. ಅಮ್ಮ ಬಟ್ಟಲಿಗೆ ಹೊಸ ಬೂದಿ ಹಾಕಿಕೊಂಡು ಹೋದಳು.

"ನಾ ಮಾಡ್ಕೊಡ್ಲಾ?"

ಆಳು ಇದ್ದಾರೆ ಎನ್ನುತ್ತಾರೆಂದು ನಾನು ಬಾಗಿಲ ಹಿಂದೆ ನಿಂತು ಕಾದೆ. ಅವರು ಅಮ್ಮನ ಕೈಯಿಂದ ಬಟ್ಟಲು ತೆಗೆದುಕೊಂಡು ನೆಲಕ್ಕಿಟ್ಟರು. "ಪರವಾಯಿಲ್ಲಕ್ಕ. ಇರ್ಲಿ ಬಿಡು" ಎಂದರು.

ಬೀದಿಯಲ್ಲಿ ಆ ಕುಂಟು ಸದ್ದು ಮತ್ತೆ ಕೇಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಜ್ವರ ಬಂತು. ನಾಲ್ಕನೆಯ ದಿನ ಬೆಳಿಗ್ಗೆ, ಅಮ್ಮ ಗಂಜಿ ಆರಿಸುತ್ತಿದ್ದಾಗ ಹೋದರು. ಕಡೆಯ ಸ್ನಾನಕ್ಕೆ ಮೊದಲು ಅಮ್ಮ ಅವರ ಎಡಗಾಲನ್ನು ಒಬ್ಬಳೇ ತೊಳೆದಳು, ಅವರು ಬಂದ ದಿನ ತೊಳೆದ ಹಾಗೆಯೇ, ಬೇವಿನ ನೀರಿನಲ್ಲಿ.

ಅಂಗಿ ತೆಗೆಯುವಾಗ ಜೇಬಿನಿಂದ ಆ ಕಾಗದ ಸಿಕ್ಕಿತು. ಬೆವರಿಗೆ ಮೆತ್ತಗಾಗಿ ಅಂಚುಗಳು ಬಿಟ್ಟುಕೊಂಡಿದ್ದವು. ಏರ್ ಲೆಟರಿಗೆ ಕೊನೆಯಲ್ಲಿ ಒಂದು ಮಡಿಕೆ ಇರುತ್ತದೆ, ವಿಳಾಸದ ಹಿಂಬದಿಗೆ ಅಂಟಿಸುವ ಪಟ್ಟಿ. ಬರೆಯಲು ಜಾಗ ಸಾಲದವರು ಅದರ ಒಳಮುಖದಲ್ಲಿ ಬರೆಯುತ್ತಾರೆ. ಅವತ್ತು ಗಾಬರಿಯಲ್ಲಿ ನಾನು ಅದನ್ನು ಬಿಡಿಸಿರಲಿಲ್ಲ. ಈಗ ತಾನಾಗಿ ತೆರೆದುಕೊಂಡಿತ್ತು. ಅಲ್ಲಿಯೂ ದುಂಡು ಅಕ್ಷರ, ಮೇಲಿನದಕ್ಕಿಂತ ಚಿಕ್ಕದಾಗಿ, ಬೇರೆ ಶಾಯಿಯಲ್ಲಿ.

"ಮೇಲಿನದು ಸಿಟ್ಟಲ್ಲಿ ಬರೆದೆ. ಹರಿಯಲು ಮನಸ್ಸಾಗಲಿಲ್ಲ. ನೀ ಹಾಗೆ ಹೇಳಿರಲ್ಲ ಅಂತ ಮಗಳು ಹೇಳುತ್ತಾಳೆ. ಅವಳಿಗೆ ಕೆಚ್ಚಲು ಕಲಿಸಿದ್ದೀನಿ. ನೀ ಬಾ ಅಂದರೆ ಬರ್ತೀವಿ. ಕಾಲು ಹೇಗಿದೆ?"

ಅಮ್ಮನಿಗೆ ಓದಿ ಹೇಳಿದೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ, ಮೊದಲಿನಿಂದ ಕೊನೆಯವರೆಗೆ ಓದಿದೆ. ಅವಳು ಕೇಳಿ ಎದ್ದು ಚಪ್ಪರಕ್ಕೆ ಹೋದಳು. ಸಾವಿನ ಮನೆಯ ಮಗ್ಗದಲ್ಲಿ ನೂಲು ನಿಲ್ಲಬಾರದೆಂದು ಬೀದಿಯ ಹಿರಿಯರೊಬ್ಬರು ಕತ್ತರಿ ಹಿಡಿದು ನಿಂತಿದ್ದರು. ಅಮ್ಮ ಅವರಿಗೂ ಮಗ್ಗಕ್ಕೂ ನಡುವೆ ಹೋಗಿ ನಿಂತಳು.

"ಮುಟ್ಬೇಡಿ. ಅದುಕ್ಕೆ ಆಳ್ ಇದ್ದಾರೆ."

ರಂಗೂನಿಗೆ ನಾನು ಬರೆದೆ. ಕನ್ನಡದಲ್ಲಿ ನಾನು ಬರೆದ ಮೊದಲ ಕಾಗದ ಅದು. ಮಾವ ತೀರಿಕೊಂಡದ್ದು, ಅವರು ಒಂದು ದಿನವೂ ನಿಮ್ಮನ್ನು ಇಲ್ಲವೆನ್ನಲಿಲ್ಲ ಎಂಬುದು, ಹೇಳಿದ್ದು ನಮ್ಮಮ್ಮ, ಸುಮ್ಮನಿದ್ದದ್ದು ನಾನು, ಎಲ್ಲ ಬರೆದೆ. ನೀವಿಬ್ಬರೂ ಬನ್ನಿ, ಮನೆ ಇದೆ ಎಂದು ಅಮ್ಮ ಹೇಳಿಸಿ ಬರೆಸಿದಳು. ಉತ್ತರ ಬರಲಿಲ್ಲ. ಮತ್ತೆ ಬರೆದೆ, ಆಮೇಲೂ ಬರೆದೆ. ಬಂದದ್ದು ತಾಲ್ಲೂಕು ಕಚೇರಿಯ ಒಂದು ನೋಟೀಸು ಮಾತ್ರ. ಮರುವಿಚಾರಣೆಗೆ ಅರ್ಜಿದಾರರು ಖುದ್ದಾಗಿ ಹಾಜರಾಗಬೇಕು ಎಂದಿತ್ತು.

ಬೀದಿಗೆ ಪವರ್‌ಲೂಮ್ ಬಂತು, ಒಂದೊಂದೇ ಗುಂಡಿಯನ್ನು ಮಣ್ಣು ಹಾಕಿ ಮುಚ್ಚಿದರು. ನಮ್ಮ ಹಿತ್ತಿಲ ಮಗ್ಗ ಅಮ್ಮ ಇರುವವರೆಗೂ ಹಾಗೇ ಇತ್ತು, ಗೇಣುದ್ದ ನೂಲಿನ ಸಮೇತ. ವರ್ಷಕ್ಕೊಮ್ಮೆ ಅಮ್ಮ ಬಟ್ಟಲಿನ ಬೂದಿ ಬದಲಾಯಿಸುತ್ತಿದ್ದಳು. ಬೀದಿಯಲ್ಲಿ ಯಾರಾದರೂ ಹೊಸ ಹೆಂಗಸು ಮಗಳ ಕೈಹಿಡಿದು ಮನೆ ಹುಡುಕುತ್ತ ಬಂದರೆ ನಾವಿಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು.

ನಾನು ಬರೆಯುವ ಒಂದೊಂದು ಅಕ್ಷರವೂ ಅವರು ಬೂದಿಯಲ್ಲಿ ತಿದ್ದಿಸಿದ್ದು. ಆ ಅಕ್ಷರದಲ್ಲಿ ಅವರಿಗೆ ನಾನು ಓದಿ ಹೇಳಬೇಕಾಗಿದ್ದದ್ದು ಎರಡೇ ಮಾತು. ಕಾಲು ಹೇಗಿದೆ ಎಂದು ಅತ್ತೆ ಕೇಳಿದ್ದರು ಮಾವ. ನಾನು ಕಾಗದವನ್ನು ಪೂರ್ತಿ ಬಿಡಿಸಿರಲಿಲ್ಲ.